ನಮ್ಮ ಪುಟ್ಟಿಗೆ ಮಾತು ಬಂದುದು

ಎರಡು ವರ್ಷ ತುಂಬಿದ ಕೂಸು ಇನ್ನೂ ಮಾತನಾಡದಿದ್ದರೆ ಅದರ ತಾಯಿಗೆ ಸಮಾಧಾನ ಹೇಳುವವರಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿಲ್ಲ. “ನಡಿಗೆ ಬೇಗ ಬಂದ ಮಗುವಿಗೆ ಮಾತು ತಡವಾಗಿಯೇ ಬರುವುದು” ಎನ್ನುವವರು ಒಬ್ಬರು. “ಹೆಣ್ಣುಮಗುವಲ್ಲವೆ, ಈಗ ಸುಮ್ಮನಿದ್ದರೂ ಮುಂದೆ ಬಾಯಿ ಮುಚ್ಚಿಸಲಾರಿರಿ” ಎಂದು ನಗುವವರು ಮತ್ತೊಬ್ಬರು. “ನಿಮ್ಮ ವಂಶದಲ್ಲಿಯೇ ಹಾಗೆ” ಎಂದು ಮೂರು ತಲೆಮಾರಿನ ಲೆಕ್ಕ ತೆಗೆಯುವವರು ಮಗುದೊಬ್ಬರು. ಇವರನ್ನು ದೂರುವ ಅಧಿಕಾರ ನಮಗಿಲ್ಲ. ನಮ್ಮ ಮನೆಯಲ್ಲಿ ಈ ಮೂರು ಮಾತುಗಳನ್ನೂ ಆಡಿದವರು ನಾವೇ. ಅವುಗಳಿಗೆ ತೆತ್ತ ಬೆಲೆ ಎಷ್ಟೆಂಬುದನ್ನು ಮುಚ್ಚಿಡದೆ ಬರೆದರೆ, ಓದುವ ಮನೆಗಳಲ್ಲಿ ಒಂದಕ್ಕಾದರೂ ಉಪಯೋಗವಾದೀತೆಂದು ಈ ಬರೆವಣಿಗೆ.

ನಾವು ಹಾಸನದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು. ಸಂಧಿಸಮಾಸಗಳನ್ನೂ ಅಲ್ಪಪ್ರಾಣ ಮಹಾಪ್ರಾಣಗಳನ್ನೂ ತಿದ್ದಿ ತಿದ್ದಿ ನಾಲಗೆ ಸವೆಸಿದವರು. ಇಂಥವರ ತೊಡೆಯ ಮೇಲೆ, 2022ರ ಫೆಬ್ರವರಿಯಲ್ಲಿ ಹುಟ್ಟಿದ ನಮ್ಮ ಮೊಮ್ಮಗಳು ಬೆಳೆದಳು. ಮಗಳು ಬ್ಯಾಂಕಿನ ಕೆಲಸಕ್ಕೆ ಹೋಗುವವಳು. ಅಳಿಯಂದಿರು ಬೆಂಗಳೂರಿನಲ್ಲಿದ್ದು ವಾರಕ್ಕೊಮ್ಮೆ ಬಂದು ಹೋಗುವರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಮಗು ನಮ್ಮದು ಮತ್ತು ನಮ್ಮ ಮನೆಯಾಕೆಯದು. ನಾಮಕರಣದ ಹೆಸರೊಂದು ಇದ್ದೇ ಇದೆ. ನಾವು ಕರೆಯುವುದು ಪುಟ್ಟಿಯೆಂದು, ಇಲ್ಲಿಯೂ ಹಾಗೆಯೇ ಕರೆಯುವೆವು.

ಎರಡು ತಿಂಗಳಿಗೆ ಸರಿಯಾಗಿ ಪುಟ್ಟಿ ‘ಊಂ’, ‘ಆಗೂ’ ಎಂದಳು. ನಮ್ಮ ಮನೆಯಾಕೆ ತೊಟ್ಟಿಲ ಮೇಲೆ ಬಾಗಿ ‘ಆಗೂ ಹೇಳು ಕಂದಾ’ ಎಂದರೆ ಕಾಲು ಬಡಿದು ‘ಆಗೂ’ ಎನ್ನುವಳು. ಕಿವಿಯೂ ಬಾಯಿಯೂ ನೆಟ್ಟಗಿವೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದುಕೊಂಡೆವು. ಹುಟ್ಟಿನಿಂದ ಕಿವಿ ಕೇಳದ ಮಕ್ಕಳೂ ಮೊದಲ ತಿಂಗಳುಗಳಲ್ಲಿ ಹೀಗೆಯೇ ದನಿ ಮಾಡುತ್ತವೆ, ಕೇಕೆ ಹಾಕುತ್ತವೆ ಎಂಬುದು ನಮಗೆ ತಿಳಿದುದು ಬಹಳ ತಡವಾಗಿ. ಆ ವಯಸ್ಸಿನ ದನಿ ತಾನಾಗಿ ಒಳಗಿನಿಂದ ಬರುವುದು; ಮಗು ನಮ್ಮ ಮುಖ ನೋಡಿ ನಗುವುದು, ಮುಖ ನೋಡಿಯೇ ಬಾಯಿ ತೆರೆಯುವುದು. ಕೇಳುವ ಮಗುವಿಗೂ ಕೇಳದ ಮಗುವಿಗೂ ದಾರಿ ಬೇರೆಯಾಗುವುದು ಅನಂತರ. ಕಿವಿ ಕೇಳುವ ಕೂಸು ಆರನೆಯ ತಿಂಗಳಿಂದ ಹತ್ತನೆಯದರೊಳಗಾಗಿ ‘ಬಬಬ’, ‘ಮಮಮ’, ‘ದದದ’ ಎಂದು ವ್ಯಂಜನಕ್ಕೆ ಸ್ವರ ಕೂಡಿಸಿ, ಯಾರೂ ಹೇಳಿಕೊಡದೆ ಕಾಗುಣಿತವನ್ನು ಆರಂಭಿಸುವುದು. ಕೇಳದ ಕೂಸಿನಲ್ಲಿ ಈ ಕಾಗುಣಿತ ತಡವಾಗುವುದು. ಪುಟ್ಟಿ ಹತ್ತು ತಿಂಗಳಾದರೂ ಸ್ವರಗಳಲ್ಲಿಯೇ ನಿಂತಿದ್ದಳು. ಕನ್ನಡ ಮೇಷ್ಟರ ಮನೆಯಲ್ಲಿ ವ್ಯಂಜನ ಬರಲಿಲ್ಲ. ಮೇಷ್ಟರು ಅದನ್ನು ಗಮನಿಸಲೂ ಇಲ್ಲ.

ಗಮನಿಸಿದವಳು ಮಗಳು. ಮಗುವಿಗೆ ಎಂಟು ತಿಂಗಳಾಗಿದ್ದಾಗ ಒಂದು ರಾತ್ರಿ ಊಟವಾದ ಮೇಲೆ ಅವಳು, “ಅಪ್ಪಾ, ಹಿಂದಿನಿಂದ ಕರೆದರೆ ಇವಳು ತಿರುಗಿ ನೋಡುವುದಿಲ್ಲ” ಎಂದಳು. ನಾವು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು, ಎದ್ದು ಹೋಗಿ, ಕೋಣೆಯ ಬಾಗಿಲನ್ನು ದಢಾರನೆ ಹಾಕಿದೆವು. ಮಗು ಬೆಚ್ಚಿ ತಿರುಗಿತು. “ನೋಡಿದೆಯಾ? ಸುಮ್ಮನೆ ಏನೇನೋ ಯೋಚಿಸಬೇಡ” ಎಂದೆವು. ಅವಳು ಮತ್ತೆ ಮಾತೆತ್ತಲಿಲ್ಲ. ಆರು ತಿಂಗಳು ಕಳೆದು ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಸಮಾಧಾನ ಹೇಳಿದೆವು. ವಯಸ್ಸಾದವರು ಗಟ್ಟಿಯಾಗಿ ಹೇಳಿದ್ದನ್ನು ನಂಬುವ ಮಕ್ಕಳು ನಮಗಿದ್ದುದು ಆ ಒಂದು ಸಲ ನಮ್ಮ ದುರದೃಷ್ಟವಾಯಿತು.

ಕಿವುಡೆಂದರೆ ಕತ್ತಲೆಯಂತೆ, ಇದ್ದರೆ ಪೂರ್ತಿ ಇಲ್ಲದಿದ್ದರೆ ಇಲ್ಲವೇ ಇಲ್ಲ ಎಂದು ನಾವು ಬಗೆದಿದ್ದೆವು. ಹಾಗಲ್ಲ. ಬಾಗಿಲಿನ ಬಡಿತ, ಲಾರಿಯ ಗುಡುಗು, ದೇವಸ್ಥಾನದ ನಗಾರಿ ಇವು ದಪ್ಪ ಸದ್ದುಗಳು. ಇವನ್ನು ಕಿವಿ ಕೇಳದಿದ್ದರೂ ನೆಲವೂ ಎದೆಯೂ ಕೇಳಿಸುವುವು. ಮಾತಿನ ಬೆಡಗೆಲ್ಲ ಇರುವುದು ಸಣ್ಣ ಸದ್ದುಗಳಲ್ಲಿ. ಸ, ಶ, ಚ, ತ ಎಂಬ ಅಕ್ಷರಗಳು ಉಸಿರಿನ ತೆಳುವಾದ ಸದ್ದುಗಳು. ದಪ್ಪ ಸದ್ದು ಕೇಳಿಸಿ ತೆಳು ಸದ್ದು ಕೇಳಿಸದ ಮಗುವಿಗೆ ‘ಹಸು’ ಎಂದರೂ ‘ಹಚು’ ಎಂದರೂ ‘ಅಉ’ ಎಂಬ ಮಬ್ಬು ದನಿಯಷ್ಟೆ. ಅಂಥ ಮಗು ತಿರುಗಿ ನೋಡುವುದು, ಬೆಚ್ಚುವುದು, ಜೋಗುಳಕ್ಕೆ ತೂಗುವುದು. ಮಾತು ಮಾತ್ರ ಕಲಿಯಲಾರದು.

ನಮ್ಮ ಸಮಾಧಾನಕ್ಕೆ ಆಧಾರವಿರಲಿಲ್ಲವೆಂದಲ್ಲ. ಪುಟ್ಟಿಯ ಸೋದರಮಾವ, ನಮ್ಮ ಮಗ, ಎರಡೂವರೆ ವರ್ಷದ ತನಕ ಐದಾರು ಮಾತಿಗೆ ಹೆಚ್ಚಾಗಿ ಆಡಿದವನಲ್ಲ. ಈಗ ಅವನು ವಕೀಲನಾಗಿ ಮಾತಿನಿಂದಲೇ ಅನ್ನ ಸಂಪಾದಿಸುತ್ತಿರುವನು. ಎರಡು ವರ್ಷದ ಮಕ್ಕಳಲ್ಲಿ 100ಕ್ಕೆ 10ರಿಂದ 15ರಷ್ಟು ಹೀಗೆ ಮಾತಿನಲ್ಲಿ ಹಿಂದಿರುವುದುಂಟು. ಅವುಗಳಲ್ಲಿ ಹಲವು ಶಾಲೆಗೆ ಸೇರುವ ವೇಳೆಗೆ ಜೊತೆಯವರನ್ನು ಸರಿಗಟ್ಟುವುವು. ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಸ್ವಲ್ಪ ನಿಧಾನವೆಂಬುದೂ ನಿಜವೆ. ಆದಕಾರಣ ಹಿರಿಯರ ಮಾತು ಸುಳ್ಳೆನ್ನುವಂತಿಲ್ಲ. ತಪ್ಪಿದ್ದುದು ಹೋಲಿಕೆಯಲ್ಲಿ. ಮಗನು ಒಂದೂವರೆ ವರ್ಷದವನಾಗಿದ್ದಾಗ, ಅಡುಗೆಮನೆಯಿಂದ ಅವನ ತಾಯಿ “ತಾತನ ಕನ್ನಡಕ ತೆಗೆದುಕೊಂಡು ಬಾ” ಎಂದರೆ, ಅವಳ ಮುಖ ಕಾಣದಿದ್ದರೂ ಓಡಿಹೋಗಿ ಕನ್ನಡಕವನ್ನು ತರುತ್ತಿದ್ದನು. ಅವನಿಗೆ ಬಾಯಿ ತಡವಾಗಿತ್ತೇ ಹೊರತು ತಿಳಿವು ತಡವಾಗಿರಲಿಲ್ಲ. ಪುಟ್ಟಿಯ ತಿಳಿವನ್ನು ನಾವು ಹಾಗೆ ಒರೆಗೆ ಹಚ್ಚಿ ನೋಡಲಿಲ್ಲ. ನೋಡಿದ್ದರೆ ಆ ಕನ್ನಡಕ ಅಲ್ಲಿಯೇ ಬಿದ್ದಿರುತ್ತಿತ್ತು.

ಎರಡನೆಯ ಹುಟ್ಟುಹಬ್ಬ ಕಳೆದ ಮೇಲೆ ಮಾತ್ರ ಮನೆಯಲ್ಲಿ ಗಾಬರಿ ಹುಟ್ಟಿತು. ಗಾಬರಿಯಾದಾಗ ನಾವು ಮಾಡಿದುದೇನು? ಬಜೆಯ ಬೇರನ್ನು ತೇದು ನಾಲಗೆಗೆ ಹಚ್ಚಿದೆವು. ಹಕ್ಕಿ ಕಚ್ಚಿದ ಹಣ್ಣನ್ನು ಹುಡುಕಿ ತಿನ್ನಿಸಿದೆವು. ದೇವರಿಗೆ ಗಂಟೆ ಕಟ್ಟಿಸುವ ಹರಕೆಯಾಯಿತು. ನೆಂಟರೊಬ್ಬರು ಬಂದು ನಾಲಗೆಯನ್ನು ಎತ್ತಿ ನೋಡಿ, ಅಡಿಯ ನರ ಗಿಡ್ಡವಾಗಿದೆ, ಕತ್ತರಿಸಿದರೆ ಮಾತು ಬರುವುದೆಂದರು. ಆ ಎಳೆ ಬಿಗಿಯಾಗಿದ್ದರೆ ಹಾಲು ಕುಡಿಯಲು ತೊಡಕಾಗಬಹುದು, ಕೆಲವು ಅಕ್ಷರಗಳು ತಿರುಗದಿರಬಹುದು. ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಪುಣ್ಯವಶಾತ್ ಮಗಳು ಕತ್ತರಿಗೆ ಒಪ್ಪಲಿಲ್ಲ. ಬಜೆಯ ವಿಚಾರದಲ್ಲಿ ಇನ್ನೊಂದು ಮಾತು: ಅದನ್ನು ಜೇನಿನಲ್ಲಿ ತೇಯುವ ಪದ್ಧತಿ ಹಲವು ಮನೆಗಳಲ್ಲಿದೆ. ವರ್ಷ ತುಂಬದ ಕೂಸಿಗೆ ಜೇನನ್ನು ಕೊಡಲೇಬಾರದೆಂದು ವೈದ್ಯರು ಹೇಳುವರು. ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯನ್ನು ಎಳೆಯ ಕರುಳು ತಡೆಯಲಾರದು.

ನಾವು ಮಾಡಿದ ಇನ್ನೊಂದು ಅಪಚಾರವನ್ನು ಹೇಳದೆ ಮುಂದೆ ಹೋಗಲಾರೆವು. ಅಳಿಯಂದಿರ ಮನೆಮಾತು ತುಳು. ಬೀಗಿತಿಯವರು ಮಂಗಳೂರಿನಿಂದ ಬಂದಾಗಲೆಲ್ಲ ಮೊಮ್ಮಗಳನ್ನು ಎತ್ತಿಕೊಂಡು ತುಳುವಿನಲ್ಲಿ ಮಾತನಾಡಿಸುವರು. ಎರಡು ಭಾಷೆಗಳು ಕಿವಿಗೆ ಬಿದ್ದು ಮಗು ಗಲಿಬಿಲಿಗೊಂಡಿದೆಯೆಂದು ಯಾರೋ ಹೇಳಿದರು. ನಾವು ಆ ತಾಯಿಗೆ ಇನ್ನು ಮೇಲೆ ಕನ್ನಡದಲ್ಲಿಯೇ ಆಡಿರೆಂದು ವಿನಯವಾಗಿ ತಿಳಿಸಿದೆವು. ಅವರು ಹೂಂ ಎಂದರು. ಆ ಸಲ ನಾಲ್ಕು ದಿನ ಇದ್ದು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಹೆಚ್ಚಾಗಿ ಸುಮ್ಮನೆಯೇ ಕುಳಿತು ಹೋದರು. ಎರಡು ಭಾಷೆಗಳಿಂದ ಮಾತು ತಡವಾಗುವುದಿಲ್ಲವೆಂದು ಆಮೇಲೆ ಮೈಸೂರಿನಲ್ಲಿ ತಿಳಿಯಿತು. ಮಗುವಿಗೆ ಬರುವ ಮಾತುಗಳನ್ನು ಎಣಿಸುವಾಗ ಎರಡು ಭಾಷೆಗಳ ಮಾತುಗಳನ್ನೂ ಒಟ್ಟಿಗೆ ಸೇರಿಸಿ ಎಣಿಸಬೇಕಂತೆ. ಮೈಸೂರಿನ ತನಕ ಹೋಗುವುದೇಕೆ? ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಇಷ್ಟನ್ನು ತರಗತಿಯಲ್ಲಿ ವರ್ಷ ವರ್ಷವೂ ಹೇಳಿದ್ದ ನಮಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಇನ್ನು 2024ರ ಜೂನ್ ತಿಂಗಳ ಆ ಸಂಜೆಯ ವಿಚಾರ. ಮಳೆ ಹಿಡಿದು ಮೂರು ದಿನವಾಗಿತ್ತು. ಪುಟ್ಟಿ ನಡುಮನೆಯಲ್ಲಿ ಪಾತ್ರೆಗಳನ್ನು ಹರಡಿಕೊಂಡು ಆಡುತ್ತಿದ್ದಳು. ಅವಳು ಬಲು ಚುರುಕು. ನಾವು ಕೋಲನ್ನು ಕೈಗೆ ತೆಗೆದುಕೊಂಡರೆ ಸಾಕು, ಚಪ್ಪಲಿಯನ್ನು ತಂದು ಮುಂದಿಡುವಳು. ಅಜ್ಜಿ ತಟ್ಟೆಯತ್ತ ನೋಡಿ ‘ಊಟ’ ಎನ್ನುವಷ್ಟರಲ್ಲಿ ಮಣೆಯ ಮೇಲೆ ಕುಳಿತಿರುವಳು. “ಆಡದಿದ್ದರೇನು, ಎಲ್ಲವೂ ತಿಳಿಯುತ್ತದೆ” ಎಂದು ಬಂದವರ ಮುಂದೆ ನಾವು ಹೊಗಳಿಕೊಳ್ಳುತ್ತಿದ್ದುದು ಇದನ್ನು ಕಂಡೇ. ಆ ಸಂಜೆ ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಮಗು ಅಳತೊಡಗಿತು. ಮೂರು ಮಾರು ದೂರದಲ್ಲಿ ಕುಳಿತಿದ್ದ ನಾವು, “ಇಲ್ಲಿದ್ದೇವೆ, ಬಾ ಪುಟ್ಟಿ” ಎಂದೆವು. ಅಜ್ಜಿ ಅಡುಗೆಮನೆಯ ಬಾಗಿಲಿನಿಂದ “ಬಾ ಕಂದ, ಬಾ” ಎಂದಳು. ದಿನವೂ ನೂರು ಸಲ ಕರೆದು, ನೂರು ಸಲ ಅವಳು ಓಡಿಬಂದ ಅದೇ ಕರೆ. ಮಗು ಅಳುತ್ತ, ನಮ್ಮಿಬ್ಬರ ಕಡೆಗೂ ಬಾರದೆ, ಗೋಡೆಯ ಕಡೆಗೆ ತಡವರಿಸಿಕೊಂಡು ಹೋಯಿತು. ಕರೆದಷ್ಟೂ ದೂರ ಹೋಯಿತು.

ಬೆಂಕಿಪೆಟ್ಟಿಗೆ ಸಿಕ್ಕಿ ದೀಪ ಹಚ್ಚಿದ ಮೇಲೆ, ನಮ್ಮ ಮುಖ ಕಂಡೊಡನೆ, ಒಂದೇ ಓಟದಲ್ಲಿ ಬಂದು ಕೊರಳಿಗೆ ಜೋತುಬಿದ್ದಳು. ನಮ್ಮ ಮನೆಯಾಕೆ ದೀಪವನ್ನು ಹಿಡಿದೇ ನಿಂತಿದ್ದಳು. ಬಹಳ ಹೊತ್ತಿನ ಮೇಲೆ, “ಇವಳಿಗೆ ನಮ್ಮ ಮಾತು ತಿಳಿಯುತ್ತಿರಲಿಲ್ಲ. ಮುಖ ತಿಳಿಯುತ್ತಿತ್ತು” ಎಂದಳು. ಅವಳು ಏಳನೆಯ ತರಗತಿಯ ತನಕ ಓದಿದವಳು.

ಎಂಟು ದಿನಗಳ ತರುವಾಯ ನಾವೆಲ್ಲರೂ ಮೈಸೂರಿಗೆ ಹೊರಟೆವು. ಅಲ್ಲಿ ಮಾನಸಗಂಗೋತ್ರಿಯ ಬಳಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. 1960ರ ದಶಕದ ನಡುವೆ ಕೇಂದ್ರ ಸರ್ಕಾರವು ಸ್ಥಾಪಿಸಿದ ಸಂಸ್ಥೆ. ಹಾಸನದಿಂದ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಇಷ್ಟು ಹತ್ತಿರದಲ್ಲಿ ಅದು ಇದ್ದುದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಒಂದು ಪರೀಕ್ಷೆಯನ್ನು ಮಗು ನಿದ್ದೆಯಲ್ಲಿರುವಾಗ ಮಾಡಬೇಕಾದುದರಿಂದ ದಾರಿಯಲ್ಲಿ ಮಲಗಗೊಡಬೇಡಿರೆಂದು ಮೊದಲೇ ಹೇಳಿದ್ದರು. ಹೊಳೆನರಸೀಪುರ ದಾಟುವ ಹೊತ್ತಿಗೆ ಅವಳ ಕಣ್ಣು ಎಳೆಯತೊಡಗಿತು. ಕೃಷ್ಣರಾಜನಗರದ ತನಕ ಅಂಗಾಲಿಗೆ ಕಚಗುಳಿಯಿಟ್ಟು, ಕಿಟಕಿಯ ಗಾಳಿಗೆ ಒಡ್ಡಿ, ಟೋಪಿಯನ್ನು ತೆಗೆದು ಹಾಕಿ ಕುಣಿಸಿದೆವು. ಬಸ್ಸಿನಲ್ಲಿದ್ದವರು ನಮ್ಮನ್ನು ಅರಳುಮರುಳೆಂದು ಎಣಿಸಿರಬೇಕು.

ಪರೀಕ್ಷೆಗಳಲ್ಲಿ ನೋವೆಂಬುದಿಲ್ಲ. ಕಿವಿಯೊಳಗೆ ಸಣ್ಣದೊಂದು ಬೆಣೆಯನ್ನಿಟ್ಟು ಮೆಲುಸದ್ದನ್ನು ಕಳುಹಿಸಿದರೆ, ಆರೋಗ್ಯವಾದ ಒಳಕಿವಿಯು ಅದಕ್ಕೆ ತಾನೇ ಒಂದು ಪ್ರತಿಧ್ವನಿಯನ್ನು ಹಿಂದಕ್ಕೆ ಕಳುಹಿಸುವುದು. ಇದನ್ನು ಹುಟ್ಟಿದ ಎರಡನೆಯ ದಿನವೇ ನೋಡಬಹುದು, ಕೆಲವು ನಿಮಿಷಗಳ ಕೆಲಸ. ಎರಡನೆಯದು ಬೇರಾ ಎಂಬ ಪರೀಕ್ಷೆ. ನಿದ್ರಿಸುವ ಮಗುವಿನ ಹಣೆಗೂ ಕಿವಿಯ ಹಿಂದಕ್ಕೂ ತಂತಿಗಳನ್ನು ಅಂಟಿಸಿ, ಸದ್ದನ್ನು ನರವು ಮಿದುಳಿಗೆ ಒಯ್ಯುವುದನ್ನು ಗೆರೆಗಳಾಗಿ ತೋರಿಸುವರು. ಪುಟ್ಟಿ ತಾಯಿಯ ಮಡಿಲಲ್ಲಿ ಗಾಢವಾಗಿ ನಿದ್ರಿಸಿದಳು. ನಾವು ತೆರೆಯ ಮೇಲಿನ ಗೆರೆಯನ್ನೇ ನೋಡುತ್ತಿದ್ದೆವು. ಅದು ಅಲುಗದೆ ಚಪ್ಪಟೆಯಾಗಿ ಓಡುತ್ತಿತ್ತು. ಸದ್ದನ್ನು ಬಹಳವಾಗಿ ಏರಿಸಿದ ಮೇಲೆ ಸಣ್ಣ ಅಲೆಯೊಂದು ಎದ್ದಿತು. ಎರಡು ಕಿವಿಗಳಿಗೂ ಸುಮಾರು 65 ಡೆಸಿಬಲ್ ತನಕ ಏನೂ ಮುಟ್ಟುವುದಿಲ್ಲವೆಂದರು. ನಾವು ಎದುರೆದುರು ಕುಳಿತು ಆಡುವ ಮಾತು 60ರ ಆಸುಪಾಸಿನದು.

ದೋಷ ಹುಟ್ಟಿನಿಂದ ಬಂದುದು. ಲೋಕದಲ್ಲಿ ಹುಟ್ಟುವ 1000 ಮಕ್ಕಳಲ್ಲಿ 1ರಿಂದ 3ಕ್ಕೆ ಹೀಗಿರುವುದುಂಟು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಇದು ಹೆಚ್ಚು. ನಮ್ಮಲ್ಲಿ ಅಂಥ ಸಂಬಂಧವಿರಲಿಲ್ಲ, ಕಾರಣವೂ ತಿಳಿಯಲಿಲ್ಲ. ಪರೀಕ್ಷೆ ಮಾಡಿದ ಆ ಹೆಣ್ಣುಮಗಳು ಕಾಗದದಲ್ಲಿ ಬರೆದುಕೊಳ್ಳುತ್ತ, “ಮೊದಲು ಅನುಮಾನ ಬಂದದ್ದು ಯಾವಾಗ?” ಎಂದು ಕೇಳಿದರು. ಮಗಳು ನಮ್ಮತ್ತ ಒಮ್ಮೆ ನೋಡಿದಳು. ಆಮೇಲೆ, “ಎಂಟು ತಿಂಗಳಿನಲ್ಲಿ” ಎಂದಳು. ಅವರು ‘8’ ಎಂದು ಬರೆದು, ಅದರ ಪಕ್ಕದಲ್ಲಿ ಅಂದಿನ ವಯಸ್ಸನ್ನು ‘28’ ಎಂದು ಬರೆದರು. ನಡುವಣ ಇಪ್ಪತ್ತು ತಿಂಗಳುಗಳ ಲೆಕ್ಕವನ್ನು ಯಾರೂ ನಮ್ಮನ್ನು ಕೇಳಲಿಲ್ಲ. ಮಗಳು ಇಂದಿನವರೆಗೂ ಕೇಳಿಲ್ಲ.

ಆ ತಿಂಗಳುಗಳಲ್ಲಿ ಏನು ನಡೆಯುವುದೆಂಬುದನ್ನು ಆಮೇಲೆ ಹುಡುಕಿ ಓದಿದೆವು. ಗರ್ಭದಲ್ಲಿರುವಾಗಲೇ, ಕೊನೆಯ ಮೂರು ತಿಂಗಳುಗಳಲ್ಲಿ, ಮಗು ತಾಯಿಯ ದನಿಯನ್ನು ಕೇಳುತ್ತಿರುವುದು; ಹುಟ್ಟಿ ಮೂರು ದಿನವಾಗದ ಕೂಸುಗಳು ಬೇರೆ ಹೆಂಗಸರ ದನಿಗಿಂತ ತಾಯಿಯ ದನಿಯನ್ನು ಬಯಸುವುವೆಂದು ಅಮೆರಿಕದಲ್ಲಿ 1980ರಲ್ಲಿ ತೋರಿಸಿದರು. ನಮಗೆ ಇನ್ನೂ ಹೆಚ್ಚು ಬೆರಗನ್ನುಂಟುಮಾಡಿದುದು 1984ರಲ್ಲಿ ಕೆನಡದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಎಂಬವರು ಪ್ರಕಟಿಸಿದ ಪ್ರಯೋಗ. ಹಿಂದಿಯ ‘ತ’ಕ್ಕೂ ‘ಟ’ಕ್ಕೂ ಇರುವ ಭೇದವನ್ನು ಇಂಗ್ಲಿಷ್ ಮಾತನಾಡುವ ದೊಡ್ಡವರು ಸುಲಭವಾಗಿ ಗುರುತಿಸಲಾರರು. ಅವರ ಮನೆಯ ಆರರಿಂದ ಎಂಟು ತಿಂಗಳ ಕೂಸುಗಳು ಗುರುತಿಸುವುವು! ಅವೇ ಮನೆಗಳಲ್ಲಿ, ವರ್ಷ ತುಂಬುವ ವೇಳೆಗೆ, ಆ ಶಕ್ತಿ ಕುಗ್ಗಿರುವುದು. ಎಂದರೆ ಮಗು ಬಾಯಿ ತೆರೆಯುವುದಕ್ಕೆ ಮುಂಚೆಯೇ ತನ್ನ ಮನೆಯ ಅಕ್ಷರಮಾಲೆ ಯಾವುದೆಂದು ತೀರ್ಮಾನಿಸಿಕೊಂಡಿರುವುದು. ಪುಟ್ಟಿಗೆ ಆ ವರ್ಷದಲ್ಲಿ ತ, ಟ ಎರಡೂ ತಲುಪಲಿಲ್ಲ. ಹುಟ್ಟಿದ 1 ತಿಂಗಳೊಳಗೆ ಕಿವಿಯ ಪರೀಕ್ಷೆ, 3 ತಿಂಗಳೊಳಗೆ ದೋಷದ ನಿರ್ಧಾರ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬ ಕ್ರಮವನ್ನು ತಿಳಿದವರು ಇಟ್ಟುಕೊಂಡಿರುವುದು ಇದಕ್ಕಾಗಿಯೇ. ದೋಷವನ್ನು ಆರು ತಿಂಗಳೊಳಗೆ ಕಂಡುಕೊಂಡ ಮಕ್ಕಳ ಭಾಷೆ, ಅನಂತರ ಕಂಡುಕೊಂಡವರ ಭಾಷೆಗಿಂತ ಬಹಳ ಮೇಲಾಗಿರುವುದನ್ನು ಕೊಲರಾಡೊ ಪ್ರಾಂತದ ಮಕ್ಕಳಲ್ಲಿ 1998ರಲ್ಲಿ ಕಂಡರು. ಪುಟ್ಟಿ ಹುಟ್ಟಿದ ಆಸ್ಪತ್ರೆಯಲ್ಲಿ ಆ ಪರೀಕ್ಷೆಯನ್ನು ಅವರು ಮಾಡಲಿಲ್ಲ, ನಾವು ಕೇಳಲಿಲ್ಲ.

ಮಾತು ತಡವಾದ ಮಕ್ಕಳೆಲ್ಲರಿಗೂ ಕಿವಿಯ ದೋಷವೇ ಇರುವುದೆಂದು ವಾಚಕರು ತಿಳಿಯಬಾರದು. ಆ ಸಂಸ್ಥೆಯ ಹಜಾರದಲ್ಲಿ ಕುಳಿತಿದ್ದಾಗ ಬಗೆಬಗೆಯ ಮಕ್ಕಳನ್ನು ಕಂಡೆವು. ಕಿವಿ ನೆಟ್ಟಗಿದ್ದೂ ಯಾರ ಕಣ್ಣನ್ನೂ ನೋಡದೆ ತನ್ನಷ್ಟಕ್ಕೆ ಚಕ್ರ ತಿರುಗಿಸುತ್ತಿದ್ದ ಹುಡುಗನೊಬ್ಬ. ಪದೇ ಪದೇ ನೆಗಡಿಯಾಗಿ ಕಿವಿಯಲ್ಲಿ ನೀರು ತುಂಬಿ ಕೇಳಿಸದೆ ಹೋದ ಹುಡುಗಿಯೊಬ್ಬಳು, ಇದು ಚಿಕಿತ್ಸೆಯಿಂದ ವಾಸಿಯಾಗುವಂಥದು. ಒಂದೂವರೆ ವರ್ಷಕ್ಕೆ ಹತ್ತು ಮಾತು ಆಡಿ ಆಮೇಲೆ ಮರೆತ ಕೂಸು. ಕಲಿತ ಮಾತನ್ನು ಮಗು ಯಾವ ವಯಸ್ಸಿನಲ್ಲೇ ಬಿಟ್ಟರೂ ಒಂದು ದಿನವೂ ಕಾಯಬಾರದೆಂದು ಅಲ್ಲಿಯವರು ಹೇಳಿದರು. ವರ್ಷ ತುಂಬಿದರೂ ಕಾಗುಣಿತವಿಲ್ಲ, ಬೆರಳು ತೋರಿಸಿ ಕೇಳುವುದಿಲ್ಲವೆಂದರೆ ಹೋಗಿ ತೋರಿಸಬೇಕು. ಹದಿನಾರು ತಿಂಗಳಿಗೆ ಒಂದೂ ಮಾತಿಲ್ಲದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಮಾತನ್ನು ಜೋಡಿಸದಿದ್ದರೆ, ಹಾಗೆಯೇ ಹೋಗಿ ತೋರಿಸಬೇಕು. ತೋರಿಸಿ, ಏನೂ ಇಲ್ಲವೆನ್ನಿಸಿಕೊಂಡು ಬಂದರೆ ನಷ್ಟವಾಗುವುದು ಬಸ್ಸಿನ ದುಡ್ಡು.

ಆಗಸ್ಟಿನಲ್ಲಿ ಪುಟ್ಟಿಯ ಕಿವಿಗೆ ಯಂತ್ರಗಳು ಬಂದವು. ಕಿವಿಯ ಅಚ್ಚು ತೆಗೆದು, ಅದಕ್ಕೆ ಹೊಂದುವ ಮೆತ್ತನೆಯ ಬಿರಡೆ ಮಾಡಿ, ಕಿವಿಯ ಹಿಂದೆ ಹುಣಿಸೆಬೀಜದಷ್ಟು ಗಾತ್ರದ ಯಂತ್ರವನ್ನು ಸಿಕ್ಕಿಸಿದರು. ಮೊದಲ ವಾರ ಕಿತ್ತು ಕಿತ್ತು ಎಸೆದಳು. ಒಂದು ಅಕ್ಕಿಯ ಡಬ್ಬದಲ್ಲಿ ಸಿಕ್ಕಿತು. ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಅಜ್ಜಿ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಚಟಪಟ ಸಿಡಿಯಿತು. ಪುಟ್ಟಿ ಆಡುವುದನ್ನು ನಿಲ್ಲಿಸಿ, ಅಡುಗೆಮನೆಗೆ ಬಂದು, ಬಾಣಲೆಯನ್ನು ನೋಡಿ, ಅಜ್ಜಿಯನ್ನು ನೋಡಿ, ಮತ್ತೆ ಬಾಣಲೆಯನ್ನು ನೋಡಿದಳು. ಎರಡೂವರೆ ವರ್ಷ ಆ ಮನೆಯಲ್ಲಿ ಊಟ ಮಾಡಿದವಳಿಗೆ ಸಾಸಿವೆ ಸದ್ದು ಮಾಡುವುದೆಂದು ಅಂದು ತಿಳಿಯಿತು. ನಮ್ಮ ಮನೆಯಾಕೆ ಆ ಹೊತ್ತು ಇನ್ನೂ ನಾಲ್ಕು ಸಲ ಒಗ್ಗರಣೆ ಹಾಕಿದಳು, ಹಾಕುವುದಕ್ಕೆ ಸಾರು ಇಲ್ಲದಿದ್ದರೂ.

ಯಂತ್ರ ಹಾಕಿದೊಡನೆ ಮಾತು ಬರುವುದೆಂದು ನಾವು ನಂಬಿದ್ದೆವು. ವಾಕ್‌ಚಿಕಿತ್ಸೆಯ ಹುಡುಗಿ ನಕ್ಕು, “ಇವಳ ಕಿವಿಗೆ ಈಗ ಒಂದು ತಿಂಗಳು, ತಾತ. ಒಂದು ತಿಂಗಳ ಮಗು ಮಾತನಾಡುತ್ತದೆಯೇ?” ಎಂದರು. ಕಿವಿಯ ವಯಸ್ಸನ್ನು ಯಂತ್ರ ಹಾಕಿದ ದಿನದಿಂದ ಬೇರೆಯಾಗಿ ಎಣಿಸುವರಂತೆ. ಆ ಮಾತು ಕೇಳಿದಾಗ ಅಕ್ಬರ್ ಚಕ್ರವರ್ತಿಯ ಕಥೆ ನೆನಪಾಯಿತು. ಮನುಷ್ಯನ ಸಹಜ ಭಾಷೆ ಯಾವುದೆಂದು ತಿಳಿಯಲು ಅವನು ಕೂಸುಗಳನ್ನು ಒಂದು ಮನೆಯಲ್ಲಿಟ್ಟು, ದಾದಿಯರು ಮಾತನಾಡಕೂಡದೆಂದು ಕಟ್ಟು ಮಾಡಿದನು. 1582ರಲ್ಲಿ ಹೋಗಿ ನೋಡಿದಾಗ ಮಕ್ಕಳಲ್ಲಿ ಮಾತೇ ಇರಲಿಲ್ಲವೆಂದು ಅಕ್ಬರ್‌ನಾಮಾ ಹೇಳುವುದು. ಜನರು ಆ ಮನೆಗೆ ಗುಂಗ್ ಮಹಲ್, ಮೂಕರ ಅರಮನೆ, ಎಂದು ಹೆಸರಿಟ್ಟರು. ಅಕ್ಕರೆಯಿಂದ ಹೊತ್ತು ತಿರುಗುತ್ತಲೇ ನಾವು ನಮ್ಮ ಪುಟ್ಟಿಯನ್ನು ಇಪ್ಪತ್ತೆಂಟು ತಿಂಗಳು ಅಂಥ ಒಂದು ಮಹಲಿನಲ್ಲಿ ಇರಿಸಿದ್ದೆವಲ್ಲವೆ?

ಮೇಷ್ಟರ ಪಾಠಕ್ರಮವೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. “ಇದೇನು ಹೇಳು, ಅದೇನು ಹೇಳು” ಎಂದು ಮಗುವನ್ನು ಪ್ರಶ್ನೆಗಳಿಂದ ಹಿಂಡಬೇಡಿ, ನೀವು ಮಾಡುವುದನ್ನು ನೀವೇ ಹೇಳುತ್ತ ಹೋಗಿ, ಅವಳು ದನಿಮಾಡಿದರೆ ಉತ್ತರ ಕೊಡಿ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ ಎಂದರು. ಕೊನೆಯದು ಎಲ್ಲಕ್ಕಿಂತ ಕಷ್ಟ. ಚಳಿಗಾಲದಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತರೆ, “ಕಾಯಿ ಬಿಡಿಸಿದೆ. ಒಳಗೆ ಹುಳು. ಅಯ್ಯೋ ಹುಳು! ಹುಳು ಹೋಯಿತು” ಎಂದು ಆಡುವೆವು. ಎದುರುಮನೆಯವರಿಗೆ ಪಾಪ, ನಮ್ಮ ತಲೆ ಕೆಟ್ಟಿತೆಂಬುದು ಖಚಿತವಾಯಿತು. ‘ಮಮ್ಮು’, ‘ತಾಚಿ’, ‘ಬೂಚಿ’ ಎಂಬ ಮಾತುಗಳನ್ನು ಅಶುದ್ಧವೆಂದು ಹಿಂದೆ ಮನೆಯಿಂದ ಹೊರಗಿಟ್ಟಿದ್ದೆವು. ಅವನ್ನು ಮರಳಿ ಕರೆದುಕೊಂಡೆವು. ಎಳೆಯ ತುಟಿಗೂ ನಾಲಗೆಗೂ ಸುಲಭವಾದುದನ್ನೇ ಅಜ್ಜಿಯರು ಆರಿಸಿಟ್ಟಿದ್ದರು. ದೂರದರ್ಶನದ ಪೆಟ್ಟಿಗೆಯೂ ಮೊಬೈಲೂ ಹಗಲು ಹೊತ್ತು ಬೀರು ಸೇರಿದವು. ಎರಡು ವರ್ಷದ ಮಗುವಿಗೆ ದಿನಕ್ಕೆ 1 ಗಂಟೆಗೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸಲಹೆ. ತೆರೆಯಲ್ಲಿರುವ ಗೊಂಬೆ ಎಷ್ಟು ಚೆನ್ನಾಗಿ ಹಾಡಿದರೂ ಮಗುವಿನ ‘ಊಂ’ಗೆ ಮರುಮಾತು ಕೊಡಲಾರದು. ಬೀಗಿತಿಯವರಿಗೆ ನಾವೇ ಫೋನು ಮಾಡಿ ಕ್ಷಮೆ ಕೇಳಿದೆವು. ಅವರು ಮುಂದಿನ ವಾರವೇ ಬಂದು ಬಾಯ್ತುಂಬ ತುಳು ಆಡಿದರು.

ಹಳೆಯ ಹಾಜರಿ ಪುಸ್ತಕವೊಂದು ಉಳಿದಿತ್ತು. ಅದರಲ್ಲಿ ಪುಟ್ಟಿಯ ಮಾತುಗಳನ್ನು ದಾಖಲು ಮಾಡುತ್ತ ಬಂದೆವು. ಅಕ್ಟೋಬರಿನಲ್ಲಿ ‘ಬಬಬ’ ಬಂದಿತು. ಎಂಟು ತಿಂಗಳಿಗೆ ಬರಬೇಕಾದುದು ಮೂವತ್ತೆರಡು ತಿಂಗಳಿಗೆ. ಜನವರಿಯಲ್ಲಿ, ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ, ಬಟ್ಟಲಿನಲ್ಲಿದ್ದ ಅನ್ನವನ್ನು ತಳ್ಳಿ, ಸ್ಪಷ್ಟವಾಗಿ ‘ಬೇಡ’ ಎಂದಳು. ಮೊದಲ ಮಾತು. ‘ಅಮ್ಮ’ ಎಂಬುದನ್ನು ಕಾಯುತ್ತಿದ್ದ ಮಗಳು ಅಂದು ನಕ್ಕು ನಕ್ಕು ಅತ್ತಳು. ಮಗುವಿಗೆ ಆ ದಿನವೆಲ್ಲ ಬೇಡವೆಂದುದನ್ನು ಯಾರೂ ತಿನ್ನಿಸಲಿಲ್ಲ. ‘ಅಮ್ಮ’ ಬಂದುದು ಮಾರನೆಯ ತಿಂಗಳು. ಪುಸ್ತಕದಲ್ಲಿ ಐವತ್ತನೆಯ ಹೆಸರು ತುಂಬಿದುದು ಯುಗಾದಿಯ ಮರುವಾರ. ಅದರಲ್ಲಿ ಏಳು ತುಳುವಿನವು.

ಈಗ ಅವಳಿಗೆ ಮೂರೂವರೆ ದಾಟಿದೆ. ಮಾತುಗಳನ್ನು ಮೂರು ನಾಲ್ಕಾಗಿ ಜೋಡಿಸುವಳು. ಓರಗೆಯ ಮಕ್ಕಳಿಗಿಂತ ಹಿಂದೆಯೇ ಇದ್ದಾಳೆ, ಎಷ್ಟು ಸಮೀಪಿಸುವಳೆಂಬುದನ್ನು ಯಾರೂ ನಮಗೆ ಬರೆದುಕೊಟ್ಟಿಲ್ಲ. ‘ಸ’ಕಾರ ಇನ್ನೂ ನಿಂತಿಲ್ಲ, ನಮ್ಮನ್ನು ‘ಟಾಟ’ ಎಂದು ಕರೆಯುವಳು. ಅಲ್ಪಪ್ರಾಣ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವರು ನಾವು. ಇವಳನ್ನು ತಿದ್ದದೆ, “ಏನಮ್ಮ, ತಾತ ಇಲ್ಲಿದ್ದೇನೆ” ಎಂದು ಉತ್ತರ ಕೊಡುವೆವು. ರಾತ್ರಿ ಮಲಗುವ ಮುಂಚೆ ಯಂತ್ರಗಳನ್ನು ತಾನೇ ತೆಗೆದು ಡಬ್ಬಿಯಲ್ಲಿಡುವಳು. ದೀಪ ಆರಿಸಿದ ಮೇಲೆ ಅವಳ ಒಂದು ಕೈ ನಮ್ಮ ಕೊರಳ ಮೇಲಿರುವುದು. ನಾವು ಕಥೆ ಹೇಳುತ್ತಿದ್ದೇವೆಯೇ ಇಲ್ಲವೇ ಎಂದು ಅಲ್ಲಿಂದ ತಿಳಿದುಕೊಳ್ಳುವಳು.

ಕಳೆದ ತಿಂಗಳು ಕಿವಿಯ ಬಿರಡೆಗಳು ಗಿಡ್ಡವಾದುವೆಂದು ಹೊಸ ಅಚ್ಚು ಕೊಡಲು ಮೈಸೂರಿಗೆ ಹೋದೆವು. ಹಾಸನ ಬಿಟ್ಟಾಗ ಬಾಯಿ ತೆರೆದವಳು ಹೊಳೆನರಸೀಪುರದಲ್ಲಿ ಸೇತುವೆಯನ್ನು ಕಂಡು “ನೀಲು, ಟಾಟ, ನೀಲು ನೋಡು” ಎಂದು ಕೂಗಿ, ಕಂಡಕ್ಟರನ್ನು ಹೆಸರು ಕೇಳಿ, ಮುಂದಿನ ಸೀಟಿನ ಹೆಂಗಸಿನ ಚೀಲದಲ್ಲಿ ಏನಿದೆಯೆಂದು ವಿಚಾರಿಸಿ, ಕೃಷ್ಣರಾಜನಗರ ಬಂದರೂ ನಿಲ್ಲಿಸಲಿಲ್ಲ. ನಮಗೆ ನಿದ್ದೆ ಹತ್ತಿತ್ತು. ರೆಪ್ಪೆ ಮುಚ್ಚಿದೊಡನೆ ಸಣ್ಣ ಬೆರಳೊಂದು ಬಂದು ಅದನ್ನು ಮೇಲಕ್ಕೆತ್ತಿತು. “ಮಲಗ ಬೇಡ” ಎಂದಳು.